ನಾನೇ ತುಂಬಿದ ರಕ್ಷಕನ ಅರ್ಜಿ

ಅರ್ಜಿ ತುಂಬುವಾಗ ಪ್ರತಿಯೊಬ್ಬ ಮನುಷ್ಯನೂ ಇದ್ದುದಕ್ಕಿಂತ ಒಂದು ಅಳತೆ ದೊಡ್ಡವನಾಗುತ್ತಾನೆ. ಚಿತ್ತಾಪುರದ ಬಸ್ ನಿಲ್ದಾಣದ ಎದುರಿಗೆ ಹದಿನಾಲ್ಕು ವರ್ಷಗಳಿಂದ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟುಕೊಂಡು ಕುಳಿತ ನನಗೆ ಇದು ಚೆನ್ನಾಗಿ ಗೊತ್ತು. ಹವ್ಯಾಸ ಏನು ಎಂದು ಕೇಳಿದರೆ, ಊಟ ಮಾಡಿ ಮಲಗುವುದನ್ನು ಬಿಟ್ಟು ಬೇರೇನೂ ಮಾಡದವನು ಕೂಡ ‘ಓದುವುದು’ ಎನ್ನುತ್ತಾನೆ. ಗೊತ್ತಿರುವ ಭಾಷೆಗಳು ಎಂದರೆ ಕನ್ನಡ, ಉರ್ದು, ಹಿಂದಿ, ತೆಲುಗು, ಮರಾಠಿ, ಇಂಗ್ಲಿಷ್ ಎಂದು ಬೆರಳು ಮಡಚುತ್ತಾರೆ. ನಮ್ಮ ಕಡೆ ಮೊದಲ ಐದನ್ನು ನಂಬಬಹುದು, ಸಂತೆಗೆ ಹೋಗಿ ಬಂದರೆ ಅಷ್ಟು ಬಂದೇ ಬರುತ್ತವೆ. ಆರನೆಯದನ್ನು ನಾನು ಮರುಮಾತಿಲ್ಲದೆ ಟೈಪ್ ಮಾಡುತ್ತೇನೆ. ಸುಳ್ಳು ಅವರದು, ಬೆರಳು ಮಾತ್ರ ನನ್ನದು ಎಂಬ ಸಮಾಧಾನದಲ್ಲಿ ಇಷ್ಟು ವರ್ಷ ಬದುಕಿದ್ದೆ. ಒಂದು ದಿನ ಎರಡೂ ನನ್ನದೇ ಆಗಿಬಿಟ್ಟವು.

ಆದದ್ದು ಇಷ್ಟು. ಪರಿಚಯದ ಗುಮಾಸ್ತರೊಬ್ಬರು ಅಂಗಡಿಗೆ ಬಂದು, “ಶರಣಪ್ಪ, ಶೋಧ ಮತ್ತು ರಕ್ಷಣಾ ಸ್ವಯಂಸೇವಕರಿಗೆ ಮುಂದಿನ ಹಂತದ ತರಬೇತಿ ಅದ. ಅರ್ಜಿ ಹಾಕಾಕ ಮಂದಿ ಬರ್ತಾರ, ಜರಾ ನೋಡಿ ತುಂಬಿ ಕೊಡು” ಎಂದು ಹೇಳಿ ಹೋದರು. ಹೊಸ ಜಾಲತಾಣ. ಗಿರಾಕಿಯ ಎದುರಿಗೆ ತಡವರಿಸಿದರೆ ಮರ್ಯಾದೆ ಹೋಗುತ್ತದೆಂದು ನಾನು ಮೊದಲು ನಮೂನೆಗೆ ಒಂದು ಅರ್ಜಿ ತುಂಬಿ ನೋಡಿದೆ. ನಮೂನೆಗೆ ಯಾರ ಹೆಸರು ಹಾಕುವುದು? ನನ್ನದೇ ಹಾಕಿದೆ. ಈಜು ಬರುತ್ತದೆಯೇ, ಹೌದು. ಇಪ್ಪತ್ತು ಕಿಲೋ ಹೊತ್ತು ಐದು ಕಿಲೋಮೀಟರ್ ನಡೆಯಬಲ್ಲಿರಾ, ಹೌದು. ಹಗ್ಗದ ಮೇಲೆ ಇಳಿದ ಅನುಭವ, ಹೌದು. ನಕಾಶೆ ಮತ್ತು ದಿಕ್ಸೂಚಿಯ ಜ್ಞಾನ, ಹೌದು. ಎತ್ತರದ ಭಯ ಇದೆಯೇ ಎಂಬುದಕ್ಕೆ ಮಾತ್ರ ಇಲ್ಲ. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಕೇಳಿತು. ಅದು ನಿಜವಾಗಿಯೂ ನನ್ನ ಹತ್ತಿರ ಇತ್ತು. ಶಹಾಬಾದಿನಲ್ಲಿ ಎರಡು ದಿನದ ಶಿಬಿರಕ್ಕೆ ಹೋಗಿದ್ದೆ, ಊಟ ಚೆನ್ನಾಗಿತ್ತು. ಅದನ್ನೂ ಏರಿಸಿದೆ. ಮುಂದಿನ ಪುಟದಲ್ಲಿ ‘ಮತ್ತೊಮ್ಮೆ ಪರಿಶೀಲಿಸಿ’ ಎಂದು ಬರುತ್ತದೆ ಎಂದುಕೊಂಡು ಗುಂಡಿ ಒತ್ತಿದರೆ, ‘ಧನ್ಯವಾದಗಳು’ ಎಂದು ಬಂತು.

ಅದೇ ಮಧ್ಯಾಹ್ನ ರಾವೂರಿನಿಂದ ರಫೀಕ್ ಚಾಚಾ ಬಂದರು. ಐವತ್ತೆರಡು ವಯಸ್ಸು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲೇ ಬೆಳೆದವರು, ಅಂಗೈ ಕೂಡ ಫರಸಿಯ ಹಾಗೇ ಇದೆ. ಈ ಅರ್ಜಿ ಅವರಿಗಾಗಿಯೇ ಬರೆದಂತಿತ್ತು.

“ಈಜು ಬರ್ತದೇನು ಚಾಚಾ?”

“ಖಣ್ಯಾಗ ನೀರು ನಿಂತ ಮ್ಯಾಲ ಮೋಟರು ಮುಳಗ್ತದ, ಸಾಮಾನು ಮುಳಗ್ತದ. ತೆಗೆಯೋರು ಯಾರು ಮತ್ತ?”

“ಎತ್ತರದ ಭಯ ಅದೇನು?”

“ಖಣ್ಯಾಗ ಎತ್ತರ ಎಲ್ಲಿ ಅದ ತಮ್ಮ, ಬರೇ ಆಳ ಅದ.”

ಎಲ್ಲದಕ್ಕೂ ನಿಜವಾದ ಹೌದು ಬಿತ್ತು. ಕೊನೆಗೆ ವಿದ್ಯಾರ್ಹತೆಗೆ ಬಂದೆವು. ಕನಿಷ್ಠ ಹತ್ತನೇ ತರಗತಿ ಪಾಸಾಗಿರಬೇಕು, ಪಕ್ಕದಲ್ಲಿ ಕೆಂಪು ಚುಕ್ಕೆ. ಚಾಚಾ ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟವರು. ನಾನು ಹಿಂದೆ ಮುಂದೆ ಎಷ್ಟು ತಟ್ಟಿದರೂ ಕಂಪ್ಯೂಟರ್ ಆ ಚುಕ್ಕೆ ದಾಟಿ ಒಂದು ಹೆಜ್ಜೆ ಇಡಲಿಲ್ಲ.

“ಆಳದಾಗ ಬಿದ್ದಾಂವ ಮಾರ್ಕ್ಸ್ ಕಾರ್ಡ್ ಕೇಳ್ತಾನೇನು?” ಎಂದರು ಚಾಚಾ.

“ಬಿದ್ದಾಂವ ಕೇಳಂಗಿಲ್ಲ ಚಾಚಾ, ಇದು ಕೇಳ್ತದ” ಎಂದು ಪರದೆ ತೋರಿಸಿದೆ.

ಅವರು ಚಹಾ ಕುಡಿದು, “ಇರಲಿ ಬಿಡು” ಎಂದು ಎದ್ದುಹೋದರು. ಎಂಟು ದಿನದ ಮೇಲೆ ನನಗೆ ಫೋನ್ ಬಂತು. ನಾನು ಆಯ್ಕೆಯಾಗಿದ್ದೆ.

ಅವತ್ತೇ ನಿಜ ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಇದ್ದೆ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಮಹಾದೇವಿ ಆ ಫೋನಿನ ಹಿಂದೆಯೇ ಮೊಬೈಲಿಗೆ ಬಂದ ಆಯ್ಕೆಯ ಸಂದೇಶವನ್ನು ಎರಡು ಸಲ ಓದಿ, ರೊಟ್ಟಿ ಬಡಿಸುತ್ತ, “ನಿಮ್ಮ ಹೆಸರಿನವರು ಬ್ಯಾರೆ ಯಾರರೆ ಇರಬೇಕು ನೋಡ್ರಿ” ಎಂದಳು. ಅವಳು ಚೇಷ್ಟೆಗೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಹಾಗೆಂದುಕೊಂಡೇ ಹೇಳಿದ್ದಳು. ಗಂಡಸಿನ ಸೊಂಟದ ಸುತ್ತಳತೆ ನಲವತ್ತೆರಡು ಇಂಚು ಇದ್ದರೂ ಒಳಗೆ ಒಂದು ಅಭಿಮಾನ ಇರುತ್ತದೆ. ನಾನು ಬೆಳಿಗ್ಗೆ ಹೋಗಿ ಹೊಸ ಬೂಟು ತಂದೆ.

ತರಬೇತಿ ಒಟ್ಟು ಹನ್ನೆರಡು ದಿನ. ಮೊದಲೆರಡು ದಿನ ಸೇಡಂನ ಒಂದು ಸಭಾಭವನದಲ್ಲಿ ಪಾಠ. ನಾವು ಇಪ್ಪತ್ತು ಜನ ಇದ್ದೆವು. ನನ್ನನ್ನು ಬಿಟ್ಟರೆ ಉಳಿದವರೆಲ್ಲ ಕಟ್ಟುಮಸ್ತಾದ ಜಗಜಟ್ಟಿಗಳು. ಶಿಕ್ಷಕಿ ಇಂದುಮತಿ ಮೇಡಂ ಬೀದರ್ ಕಡೆಯವರು, ಪ್ರವಾಹ, ಕುಸಿತ, ಬೆಂಕಿ ಎಲ್ಲ ಕಂಡು ನಿವೃತ್ತರಾದವರು. ತೆಳ್ಳಗಿನ ಹೆಂಗಸು, ಎಂದೂ ದನಿ ಎತ್ತುವವರಲ್ಲ. ಹಾಜರಿ ಕರೆಯುವಾಗ ನನ್ನ ಹೆಸರಿಗೆ ಬಂದು ನಿಂತರು. ನನ್ನನ್ನು ಕಾಲಿನಿಂದ ತಲೆಯವರೆಗೆ, ಹೊಟ್ಟೆಯ ಹತ್ತಿರ ಸ್ವಲ್ಪ ತಡೆದು, ನೋಡಿದರು. “ನಿಮ್ಮ ಅರ್ಜಿ ಓದೀನ್ರಿ. ಇಂಥಾ ಅರ್ಜಿ ನಾ ಭಾಳ ವರ್ಷದಿಂದ ನೋಡಿಲ್ಲ” ಎಂದರು. ನಾನು ಹೊಗಳಿಕೆ ಎಂದುಕೊಂಡು ನಮಸ್ಕಾರ ಮಾಡಿದೆ.

ಪಾಠದಲ್ಲಿ ನಾನು ಹಿಂದೆ ಬೀಳಲಿಲ್ಲ. ಕಳೆದುಹೋದವರು ಸಿಕ್ಕಾಗ ಮೊದಲು ಧೈರ್ಯ ಹೇಳಬೇಕು, ನಂತರ ಗಾಯ ನೋಡಬೇಕು, ಆಮೇಲೆ ನೀರು ಆಹಾರ ಎಂದು ಬರೆಸಿದರು. ಏಳು ವರ್ಷದವನಿದ್ದಾಗ ನಾನು ವಾಡಿ ಜಂಕ್ಷನ್ನಿನಲ್ಲಿ ಕಳೆದುಹೋಗಿದ್ದು ನೆನಪಾಯಿತು. ಅಪ್ಪ ಎಲ್ಲ ಪ್ಲಾಟ್‌ಫಾರಂ ಸುತ್ತಿ ಕೊನೆಗೆ ಭಜಿ ಅಂಗಡಿಯ ಹಿಂದೆ ನನ್ನನ್ನು ಕಂಡುಹಿಡಿದರು. ಮೊದಲು ಒಂದು ಏಟು ಕೊಟ್ಟರು, ಆಮೇಲೆ ಭಜಿ ಕೊಡಿಸಿದರು, ಧೈರ್ಯ ಹೇಳುವುದನ್ನು ಮರೆತೇಬಿಟ್ಟರು. ಕ್ರಮ ತಪ್ಪಿದ್ದರೂ ರಕ್ಷಣೆ ಆಗಿತ್ತಲ್ಲ ಎಂದು ನಾನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಮೇಡಂ ಮಾತ್ರ ನನ್ನ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು.

ಮೂರನೆಯ ದಿನ ಓಟ. ನನ್ನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ನಾನು ಮುಗಿಸುವ ಹೊತ್ತಿಗೆ ಉಳಿದವರು ಸ್ನಾನ ಮಾಡಿ ಉಪ್ಪಿಟ್ಟು ತಿಂದಿದ್ದರು. ಸ್ಟ್ರೆಚರ್ ಅಭ್ಯಾಸದಲ್ಲಿ ಮಾತ್ರ ನನಗೆ ಬೇಡಿಕೆ ಬಂತು. ಹೊರಲು ಅಲ್ಲ, ಮಲಗಲು. “ಶರಣಪ್ಪನವರನ್ನ ಎತ್ತಿದವರು ಯಾರನ್ನಾದರೂ ಎತ್ತಬಹುದು” ಎಂದು ಮೇಡಂ ಎಲ್ಲ ತಂಡಗಳಿಗೂ ನನ್ನನ್ನೇ ಗಾಯಾಳು ಮಾಡಿದರು. ಎರಡು ದಿನ ನಾನು ಆಕಾಶ ನೋಡುತ್ತ ಮಲಗಿಯೇ ತರಬೇತಿ ಪಡೆದೆ. ನಾಲ್ಕು ಜನರ ಒಂದು ತಂಡದ ಮುಂದಾಳು ಸಬಾ ಎಂಬ ಹುಡುಗಿ, ಶಹಾಬಾದಿನವಳು, ನರ್ಸಿಂಗ್ ಓದುತ್ತಿದ್ದಳು. ನನ್ನ ಕಾಲಿನ ಕಡೆಯ ಹಿಡಿಕೆ ಹಿಡಿದು ಅವಳು ಏದುಸಿರು ಬಿಡದೆ ಇಡೀ ಮೈದಾನ ಸುತ್ತಿ, “ಅಂಕಲ್, ನಾಳೆ ನಾಷ್ಟಾ ಜರಾ ಕಮ್ಮಿ ಮಾಡ್ರಿ” ಎಂದು ಬಹಳ ಗೌರವದಿಂದಲೇ ಹೇಳಿದಳು.

ಆಮೇಲೆ ಚಂದ್ರಂಪಳ್ಳಿಯ ಜಲಾಶಯಕ್ಕೆ ಹೋದೆವು. ಜೀವರಕ್ಷಕ ಜಾಕೆಟ್ ಹಾಕಿದವರು ಮುಳುಗುವುದಿಲ್ಲ ಎಂದು ಪುಸ್ತಕದಲ್ಲಿತ್ತು. ಅದು ನಿಜ, ನಾನು ಮುಳುಗಲಿಲ್ಲ. ಆದರೆ ತೇಲುವವನು ಯಾವ ಕಡೆಗೆ ತೇಲಬೇಕು ಎಂಬುದನ್ನು ಪುಸ್ತಕ ಹೇಳಿರಲಿಲ್ಲ. ಜಾಕೆಟ್ಟಿನ ಕೆಳಗಿನ ಪಟ್ಟಿ ನನ್ನ ಹೊಟ್ಟೆಗೆ ಎಟುಕದ್ದರಿಂದ ಹಾಗೇ ಬಿಟ್ಟಿದ್ದೆ. ನೀರಿಗಿಳಿದ ಕೂಡಲೇ ಅದು ಮೇಲೇರಿ ನನ್ನ ಕಿವಿಗಳನ್ನು ಮುಚ್ಚಿತು. ದಂಡೆಯಿಂದ ಕೊಟ್ಟ ಸೂಚನೆ ಒಂದೂ ಕೇಳಿಸಲಿಲ್ಲ. ಗಾಳಿ ಬೀಸಿದ ಕಡೆ ನಾನು ಸುಮ್ಮನೆ ಹೋಗುತ್ತಿದ್ದೆ, ಎದುರಿಗೆ ಕಾಡು, ಒಂದು ಬೆಳ್ಳಕ್ಕಿ, ನಿಜ ಹೇಳಬೇಕೆಂದರೆ ನೋಟ ಸುಂದರವಾಗಿತ್ತು. ಸಬಾ ಈಜಿಕೊಂಡು ಬಂದು ಕಾಲರ್ ಹಿಡಿದು ಎಳೆದುಕೊಂಡು ಹೋದಳು. ಅಭ್ಯಾಸಕ್ಕೆಂದು ನೀರಿಗೆ ಹಾಕಿದ್ದ ಬೊಂಬೆಯನ್ನು ಬಿಟ್ಟು ನನ್ನನ್ನು ಕಾಪಾಡಿದ್ದಕ್ಕೆ ಅವಳಿಗೆ ಪೂರ್ತಿ ಅಂಕ ಸಿಕ್ಕಿತು. ಇದು ಒಂದು.

ಎರಡನೆಯದು ಚಿಂಚೋಳಿಯ ಕಾಡಿನಲ್ಲಿ. ಕೈಗೊಂದು ನಕಾಶೆ, ಒಂದು ದಿಕ್ಸೂಚಿ ಕೊಟ್ಟು, ಕಾಡಿನಲ್ಲಿ ಬಚ್ಚಿಟ್ಟ ಕೆಂಪು ಬಾವುಟ ಹುಡುಕಿ ಬರಬೇಕೆಂದರು. ಪ್ರತಿಯೊಬ್ಬರೂ ಒಂಟಿಯಾಗಿ ಹೋಗಬೇಕು. ನಾನು ದಿಕ್ಸೂಚಿಯನ್ನು ಮೊಬೈಲ್ ಇಟ್ಟ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮೊಬೈಲಿನ ಹತ್ತಿರ ಅದರ ಮುಳ್ಳು ದಾರಿ ತಪ್ಪುತ್ತದೆ ಎಂದು ಪಾಠದಲ್ಲಿ ಹೇಳಿದ್ದರಂತೆ. ಆಗ ನಾನು ಗಾಯಾಳುವಾಗಿ ಮಲಗಿದ್ದೆನೋ ಏನೋ. ಎರಡು ತಾಸು ನಡೆದ ಮೇಲೆ ಒಂದು ಸಣ್ಣ ಊರು ಸಿಕ್ಕಿತು. ಅಲ್ಲಿನ ಹೆಂಗಸೊಬ್ಬಳು ನನ್ನ ಬೆವರು ನೋಡಿ ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟಳು. ಅವಳು ಮಾತಾಡಿದ್ದೆಲ್ಲ ತೆಲುಗು. ಅಂಗಡಿಯ ಹಲಗೆಯೂ ತೆಲುಗು. ನಾನು ಬಾವುಟ ಹುಡುಕುತ್ತ ರಾಜ್ಯವನ್ನೇ ದಾಟಿದ್ದೆ. ಉಳಿದ ಹತ್ತೊಂಬತ್ತು ಜನ ಆ ಸಂಜೆ ಬಾವುಟ ಬಿಟ್ಟು ನನ್ನನ್ನು ಹುಡುಕಿದರು. ಸಿಕ್ಕಾಗ ನಾನು ಎರಡನೆಯ ಲೋಟ ಮಜ್ಜಿಗೆಯಲ್ಲಿದ್ದೆ. ಮೇಡಂ ಪುಸ್ತಕದ ಕ್ರಮದಂತೆ ಮೊದಲು ಧೈರ್ಯ ಹೇಳಿದರು. ಆಮೇಲೆ ಹೇಳಿದ್ದು ಪುಸ್ತಕದಲ್ಲಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಹಗ್ಗದ ಅಭ್ಯಾಸಕ್ಕೆ ರಾವೂರಿನ ಹತ್ತಿರ ಕೆಲಸ ನಿಂತುಹೋದ ಒಂದು ಹಳೆಯ ಗಣಿಗೆ ಹೋದೆವು. ಅಂಥ ಗಣಿ ನೋಡದವರಿಗೆ ಹೇಳುತ್ತೇನೆ. ಬಯಲಿನಲ್ಲಿ ನಡೆಯುತ್ತ ಇರುತ್ತೀರಿ, ಇದ್ದಕ್ಕಿದ್ದ ಹಾಗೆ ನೆಲ ಮುಗಿದುಹೋಗುತ್ತದೆ. ಕೆಳಗೆ ಪುಸ್ತಕಗಳನ್ನು ಒಟ್ಟಿದ ಹಾಗೆ ಪದರ ಪದರ ಕಲ್ಲಿನ ಗೋಡೆ, ತಳದಲ್ಲಿ ಹಸಿರು ನೀರು. ನಾನು ದೂರದಿಂದಲೇ ಒಂದು ಸಲ ಇಣುಕಿ, ಹಗ್ಗ ಸುತ್ತಿಡುವ ಕೆಲಸ ವಹಿಸಿಕೊಂಡೆ. ನಾವಿನ್ನೂ ಸಾಮಾನು ಇಳಿಸುತ್ತಿರುವಾಗಲೇ ಕುರಿ ಕಾಯುವವಳೊಬ್ಬಳು ಓಡಿಬಂದು, ಆಚೆ ದಂಡೆಯಲ್ಲಿ ನಾಗಮ್ಮ ಒಳಗೆ ಸಿಕ್ಕಿಕೊಂಡಿದ್ದಾಳೆ ಎಂದಳು.

ಹೋಗಿ ನೋಡಿದೆವು. ಅಂಚಿನಿಂದ ಇಪ್ಪತ್ತೈದು ಅಡಿ ಕೆಳಗೆ, ಒಂದು ಮಂಚದಷ್ಟು ಅಗಲದ ಕಲ್ಲಿನ ಚಾಚಿನ ಮೇಲೆ ಅರವತ್ತೈದರ ಮುದುಕಿ, ಪಕ್ಕದಲ್ಲಿ ಒಂದು ಗಬ್ಬದ ಆಡು. ಆಡು ಎಲೆಯಾಸೆಗೆ ಇಳಿದಿತ್ತು, ಆಡಿನ ಹಿಂದೆ ಇವಳು ಇಳಿದಿದ್ದಳು, ಇವಳು ಇಳಿದ ಮೇಲೆ ಆ ದಾರಿಯೇ ಕುಸಿದು ನೀರಿಗೆ ಬಿದ್ದಿತ್ತು. ಈ ಕಡೆಯ ಅಂಚೆಲ್ಲ ಸಡಿಲ ಕಲ್ಲು. ಮೇಲಿಂದ ಹಗ್ಗ ಬಿಟ್ಟು ಇಳಿದರೆ ಉದುರುವ ಕಲ್ಲು ನೇರ ಅವಳ ತಲೆಯ ಮೇಲೆ. ಅಷ್ಟರಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಗೋಡೆ ಹತ್ತಲು ಕೈಹಾಕುತ್ತಿದ್ದಳು. ಕೈಯಿಟ್ಟ ಕಲ್ಲು ಕಿತ್ತು ಬರುತ್ತಿತ್ತು.

“ಬ್ಯಾರೆ ಕಡಿಂದ ದಾರಿ ಹುಡುಕಬೇಕು, ಟೈಮ್ ಬೇಕು” ಎಂದರು ಮೇಡಂ. “ಅಲ್ಲೀತನಕ ಆಕಿ ಅಲ್ಲೇ ಕುಂತಿರಬೇಕು. ಯಾರರೆ ಮಾತಿಗೆ ಹಚ್ಚಬೇಕು.”

“ನನಗ ಆಕಿ ಗೊತ್ತದಾಳ್ರಿ” ಎಂದುಬಿಟ್ಟೆ. ಅದು ಹೇಗೆ ಗೊತ್ತು ಎಂದು ಹೇಳಲಿಲ್ಲ. ಹಿಂದಿನ ವರ್ಷ ಅವಳ ರೇಷನ್ ಕಾರ್ಡಿನ ಅರ್ಜಿ ತುಂಬಿದವನು ನಾನೇ. ನಾಗಮ್ಮ ಎನ್ನುವಲ್ಲಿ ನಾಗಪ್ಪ ಎಂದು ಒತ್ತಿ, ಪುರುಷ ಎಂದು ಗುರುತಿಸಿ ಕಳಿಸಿದ್ದೆ. ಅಂದಿನಿಂದ ಅವಳು ಅಂಗಡಿಗೆ ಬಂದಾಗಲೆಲ್ಲ ನಾನು ಚಹಾ ಕುಡಿಯಲು ಹೊರಗೆ ಹೋಗಿರುತ್ತಿದ್ದೆ.

ಸಬಾ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ದೂರದ ಬೇವಿನ ಮರಕ್ಕೆ ಬಿಗಿದಳು. ಸ್ವಲ್ಪ ಪಕ್ಕಕ್ಕೆ, ಗಟ್ಟಿ ಬಂಡೆ ಇದ್ದ ಕಡೆ, ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಅಂಚಿಗೆ ತಲೆ ಹಾಕಿದೆ. ಹಸಿರು ನೀರು ನನ್ನ ಕಡೆಗೇ ಏರಿಬಂದ ಹಾಗಾಯಿತು.

“ಯವ್ವಾ, ನಾಗಮ್ಮ” ಎಂದು ಕೂಗಿದೆ.

“ಯಾರದು?”

“ನಾ ಶರಣಪ್ಪ, ಚಿತ್ತಾಪುರದ ಝೆರಾಕ್ಸಿನಾಂವ.”

ಅವಳು ಗೋಡೆಯಿಂದ ಕೈತೆಗೆದು ಮೇಲೆ ನೋಡಿದಳು. “ನನ್ನ ಗಂಡಸು ಮಾಡಿದಾಂವ ನೀನೇ ಅಲ್ಲೇನು? ಎಷ್ಟು ಸಲ ಬಂದ್ರೂ ಸಿಗವಲ್ಲಿ. ಹೆಸರು ಸರಿ ಆಯ್ತೇನು?”

“ಇನ್ನಾ ಇಲ್ಲ ಯವ್ವಾ.”

“ಮತ್ಯಾಕ ಬಂದಿ ಇಲ್ಲಿ?” ಎಂದವಳು, ಬೈಯಲು ಅನುಕೂಲವಾಗಲೆಂದು ಕಲ್ಲಿನ ಮೇಲೆ ಕುಳಿತುಕೊಂಡಳು.

ನನಗೆ ಬೇಕಾಗಿದ್ದುದು ಅಷ್ಟೇ. ರೇಷನ್ ಅಂಗಡಿಯವನು ಪ್ರತಿ ಸಲ “ನಾಗಪ್ಪ ಎಲ್ಲಿ, ಕರಕೊಂಡು ಬಾ” ಎನ್ನುವುದು, ಓಣಿಯವರೆಲ್ಲ ಅವಳನ್ನು ಗೌಡ್ರ ಎಂದು ಕರೆಯುವುದು, ಸೊಸೆ ನಗುವುದು, ಎಲ್ಲವೂ ಕ್ರಮವಾಗಿ ಬಂತು. ನನ್ನ ಕಣ್ಣು, ನನ್ನ ಬೆರಳು, ನನಗೆ ಅಕ್ಷರ ಕಲಿಸಿದ ಮಾಸ್ತರು ಯಾರೂ ಉಳಿಯಲಿಲ್ಲ. ಸಿಟ್ಟು ಇಳಿದು ಅವಳು ಮತ್ತೆ ಎದ್ದು ಗೋಡೆಯ ಕಡೆ ತಿರುಗಿದರೆ, “ಹುಟ್ಟಿದ ವರ್ಷಾನೂ ತಪ್ಪು ಹಾಕೀನಿ ಅನಸ್ತದ ಯವ್ವಾ” ಎನ್ನುತ್ತಿದ್ದೆ. ಅವಳು ಮತ್ತೆ ಕುಳಿತುಕೊಳ್ಳುತ್ತಿದ್ದಳು. ಅವಳನ್ನು ಕೂಡಿಸಲು ನಾನು ಮಾಡದ ತಪ್ಪುಗಳನ್ನೂ ಒಪ್ಪಿಕೊಂಡೆ. ಬೆವರು ಕಣ್ಣಿಗಿಳಿಯುತ್ತಿತ್ತು. ಕೈ ಬಿಟ್ಟು ಒರೆಸಿಕೊಳ್ಳುವ ಧೈರ್ಯ ಇರಲಿಲ್ಲ.

ನಡುವೆ ಮೇಡಂ ನನ್ನ ಹಿಂದೆ ಬಂದು ಕುಳಿತು, ಈ ಗಣಿ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಾನು ತಲೆ ತಿರುಗಿಸದೆ ರಫೀಕ್ ಚಾಚಾ ಹೆಸರು ಹೇಳಿದೆ. ನಂಬರು ನನ್ನ ಮೊಬೈಲಿನಲ್ಲಿತ್ತು. ಕಾಲು ತಾಸಿನಲ್ಲಿ ಚಾಚಾ ಸ್ಕೂಟರಿನ ಮೇಲೆ ಬಂದರು. ಒಂದು ಸಲ ಸುತ್ತ ನೋಡಿ, “ಇದು ನಾವೇ ಒಡೆದ ಖಣಿ. ಆ ಜಾಲಿಕಂಟಿ ಹಿಂದ ಹಳೇ ಮೆಟ್ಟಲ ಅದಾವ. ಆಕಿ ಕುಂತ ಮಟ್ಟಕ್ಕ ಇಳೀತಾವ. ಅಲ್ಲಿಂದ ಹತ್ತು ಅಡಿ ಅಡ್ಡ ದಾಟಬೇಕು, ಅಷ್ಟೇ” ಎಂದರು.

ಮೇಡಂ ವಿದ್ಯಾರ್ಹತೆ ಕೇಳಲಿಲ್ಲ. “ಹೆಲ್ಮೆಟ್ ಸೈಜ್ ಎಷ್ಟ್ರಿ?” ಎಂದರು.

ಜಾಲಿ ಕಡಿದು, ಚಾಚಾ ಮುಂದೆ, ಸಬಾ ಮತ್ತು ಇಬ್ಬರು ಹಿಂದೆ ಇಳಿದರು. ಚಾಚಾ ಗೋಡೆಗೆ ಅಂಟಿಕೊಂಡು ದಾಟಿ ಹಗ್ಗ ಬಿಗಿದರು. ಸಬಾ ಹಿಂದೆಯೇ ದಾಟಿ ನಾಗಮ್ಮನ ಸೊಂಟಕ್ಕೆ ಹಗ್ಗದ ಪಟ್ಟಿ ಕಟ್ಟಲು ಹೋದರೆ, “ಮೊದಲ ಆಡು. ಆಮ್ಯಾಲ ನಾ” ಎಂದಳು. ಆಡಿಗೆ ಹೇಗೆ ಪಟ್ಟಿ ಕಟ್ಟಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಚಾಚಾ ಹೆಗಲ ಟವೆಲ್ಲಿನಿಂದ ಅದರ ಕಾಲು ಕಟ್ಟಿ, ಕುತ್ತಿಗೆಯ ಸುತ್ತ ಹೊತ್ತುಕೊಂಡು, ಬಂದ ದಾರಿಯಲ್ಲೇ ವಾಪಸು ಹೋದರು. ನಾಗಮ್ಮ ಎದ್ದು ನಿಂತಳು. ಅಷ್ಟರಲ್ಲಿ ಅವಳು ಅಲ್ಲಿಯವರೆಗೆ ಕುಳಿತಿದ್ದ ಕಲ್ಲಿನ ಹಾಳೆ ಕಿತ್ತುಕೊಂಡು ಕೆಳಗೆ ಹೋಯಿತು.

ನೀರಿನ ಸದ್ದು ಕೇಳಿತು. ನಾನು ಕಣ್ಣು ಮುಚ್ಚಿದ್ದೆ. ಅವಳನ್ನು ನಾನೇ ಅಲ್ಲಿ ಒಂದೂವರೆ ತಾಸು ಕೂಡಿಸಿದ್ದೆ ಎಂಬುದೊಂದೇ ತಲೆಯಲ್ಲಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಕೆಳಗಿಂದ “ಏ ಝೆರಾಕ್ಸ್, ಇನ್ನಾ ಏನೇನು ತಪ್ಪು ಮಾಡೀದಿ, ಹೇಳು” ಎಂದು ಕೇಳಿಸಿತು. ಕಣ್ಣು ತೆರೆದೆ. ಸಬಾ ಅವಳನ್ನು ಗೋಡೆಗೆ ಒತ್ತಿ ಹಿಡಿದಿದ್ದಳು, ಪಟ್ಟಿ ಬಿಗಿದಾಗಿತ್ತು. ಐದೇ ನಿಮಿಷದಲ್ಲಿ ಎಲ್ಲರೂ ಮೇಲಿದ್ದರು.

ಸಂಜೆ ಮೇಡಂ ಹತ್ತಿರ ಹೋಗಿ, ಆ ಅರ್ಜಿ ಬರೀ ನಮೂನೆಗೆ ತುಂಬಿದ್ದು, ಅದರಲ್ಲಿ ನನ್ನ ಹೆಸರು ಬಿಟ್ಟರೆ ನಿಜವಿದ್ದುದು ಊಟ ಹಾಕಿದ ಶಿಬಿರದ ಪ್ರಮಾಣಪತ್ರ ಒಂದೇ ಎಂದು ಒಪ್ಪಿಕೊಂಡೆ. “ಗೊತ್ತದ್ರಿ” ಎಂದರು. “ಎಲ್ಲಾದಕ್ಕೂ ಹೌದು ಅಂದಾಂವ ಹ್ಯಾಂಗಿರ್ತಾನ ನೋಡೋಣಂತ ಕರಿಸಿದ್ದೆ.” ಮುಂದಿನ ತಂಡಕ್ಕೆ ಹಗ್ಗದ ಪಾಠ ಹೇಳಲು ಅವರು ರಫೀಕ್ ಚಾಚಾನನ್ನು ಕರೆದಿದ್ದಾರೆ. ನಾಗಮ್ಮನ ಹೆಸರನ್ನು ನಾನು ತರಬೇತಿ ಮುಗಿದ ಮರುದಿನವೇ ತಿದ್ದಿ ಕಳಿಸಿದೆ, ಈ ಬಾರಿ ಮೂರು ಸಲ ಓದಿ.

ತಿಂಗಳ ನಂತರ ನನ್ನ ಫಲಿತಾಂಶ ಬಂತು. ‘ಅನುತ್ತೀರ್ಣ. ತರಬೇತಿಯ ಅವಧಿಯಲ್ಲಿ ಈ ಅಭ್ಯರ್ಥಿಯನ್ನು ಇತರೆ ಅಭ್ಯರ್ಥಿಗಳು ಎರಡು ಬಾರಿ ರಕ್ಷಿಸಿರುತ್ತಾರೆ.’ ಮಹಾದೇವಿ ಅದನ್ನು ಎರಡು ಸಲ ಓದಿ, ಇದು ಮಾತ್ರ ನಿಮ್ಮದೇ ಎಂದಳು. ಆ ಲೆಕ್ಕದಲ್ಲೂ ಒಂದು ತಪ್ಪಿತ್ತು. ನನ್ನನ್ನು ರಕ್ಷಿಸಿದ್ದು ಮೂರು ಬಾರಿ. ಮೂರನೆಯದು ಮೇಡಂ ನೋಡಿಲ್ಲ.

ಅವತ್ತು ಗಣಿಯಿಂದ ನಾಗಮ್ಮ ಮೇಲೆ ಬಂದಾಗ ಎಲ್ಲರೂ ಅವಳ ಸುತ್ತ ನೆರೆದರು. ಜಾಲಿಕಂಟಿಯ ಆಚೆ ಇನ್ನೊಂದು ಮರದ ನೆರಳಿಗೆ ಕರೆದೊಯ್ದು ನಾಡಿ ನೋಡಿದರು, ಚಾಚಾನ ಬೆನ್ನು ತಟ್ಟಿದರು, ಆಡಿನ ಜೊತೆ ಫೋಟೊ ತೆಗೆಸಿಕೊಂಡರು. ನಾನು ಇನ್ನೂ ಅಂಚಿನಲ್ಲೇ ಮಲಗಿದ್ದೆ. ಏಳಬೇಕೆಂದರೆ ಕೈ ಕಲ್ಲು ಬಿಡಲೊಲ್ಲದು. ಒಂದೂವರೆ ತಾಸು ಆ ನೀರನ್ನು ನೋಡಿ ನೋಡಿ ಮೈಯೆಲ್ಲ ಮರಗಟ್ಟಿತ್ತು. ರಕ್ಷಣಾ ತಂಡದವನು ‘ಕಾಪಾಡಿ’ ಎಂದು ಹೇಗೆ ಕೂಗುವುದು? ಹಿಂದೆ ಹೆಜ್ಜೆಯ ಸದ್ದಾಯಿತು. ನಾಗಮ್ಮ.

“ಏ ತಮ್ಮ, ನಾ ಬಂದೀನಿ. ನೀ ಯಾಕ ಇನ್ನಾ ಅಲ್ಲೇ ಬಿದ್ದೀದಿ?”

“ಏಳಾಕ ಆಗವಲ್ದು ಯವ್ವಾ” ಎಂದೆ ಮೆಲ್ಲಗೆ.

ಅವಳು ನಗಲಿಲ್ಲ. “ಅಂಜಬ್ಯಾಡ. ಕೆಳಗ ನೋಡಬ್ಯಾಡ. ನನ್ನ ಕೂಡ ಮಾತಾಡಕೋತ ಹಿಂದಕ ಸರಿ. ಮನ್ಯಾಗ ಮಕ್ಕಳು ಎಷ್ಟು ಮಂದಿ?” ಎಂದು ಕೇಳುತ್ತ ನನ್ನ ಎರಡೂ ಕಾಲು ಹಿಡಿದು ಜಗ್ಗಿದಳು. ನಾನು ಒಬ್ಬೊಬ್ಬ ಮಗಳ ಹೆಸರು, ಓದುವ ಕ್ಲಾಸು ಹೇಳುತ್ತ ಹೊಟ್ಟೆಯ ಮೇಲೆ ಹಿಂದಕ್ಕೆ ಸರಿದೆ. ಅಂಗಿಯ ಎರಡು ಗುಂಡಿ ಅಲ್ಲೇ ಉಳಿದವು. ಬೇವಿನ ಬುಡ ಮುಟ್ಟಿದ ಮೇಲೆ ಅವಳು ನನ್ನ ಪಕ್ಕ ಕುಳಿತು, ಸಬಾ ಅವಳಿಗೆಂದು ಕೊಟ್ಟಿದ್ದ ಗ್ಲೂಕೋಸ್ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ಬೇಡ ಎನ್ನಬೇಕಿತ್ತು. ಒಂದು ಹನಿ ಬಿಡದೆ ನಾನೇ ಕುಡಿದೆ.